ಪುಸ್ತಕದ ವಿವರ ಕನ್ನಡದಲ್ಲಿ, ಬಟನ್ ಇಂಗ್ಲಿಷ್‌ನಲ್ಲಿ: ಜಾಲತಾಣದ ಅನುವಾದ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಮ್ಮದು ಧಾರವಾಡದ ಚಿಕ್ಕ ಪುಸ್ತಕ ಪ್ರಕಾಶನ. ವರ್ಡ್‌ಪ್ರೆಸ್ ಮತ್ತು ಅದರ ಅಂಗಡಿ ಪ್ಲಗಿನ್ ವೂಕಾಮರ್ಸ್ ಬಳಸಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಜಾಲತಾಣ ನಡೆಸುತ್ತೇವೆ. ಭಾಷೆ ಬದಲಿಸಲು ಪಾಲಿಲ್ಯಾಂಗ್ ಮತ್ತು ಅದರ ವೂಕಾಮರ್ಸ್ ಆಡ್‌ಆನ್ ಇದೆ. ಪುಸ್ತಕಗಳ ಹೆಸರು, ವಿವರ, ಮೆನು ಕನ್ನಡದಲ್ಲಿ ಸರಿಯಾಗಿವೆ. ‘ಆಡ್ ಟು ಕಾರ್ಟ್’ ಬಟನ್ ಮಾತ್ರ ಇಂಗ್ಲಿಷ್‌ನಲ್ಲೇ ಇದೆ. ಮೊದಲು ಪೋಎಡಿಟ್ ಎಂಬ ಅನುವಾದದ ತಂತ್ರಾಂಶದಲ್ಲಿ ಅನುವಾದಿಸಿ ವೂಕಾಮರ್ಸ್‌ನ ಫೋಲ್ಡರ್‌ಗೆ ಹಾಕಿದ್ದೆವು, ಕನ್ನಡದಲ್ಲಿ ಬರುತ್ತಿತ್ತು. ಒಂದು ಅಪ್‌ಡೇಟ್ ಆದ ಮೇಲೆ ಹೋಯಿತು. ಅದೇ ಫೈಲ್ ಮತ್ತೆ ಹಾಕಿದರೆ ಕೆಲವು ಸಾಲು ಬಂದವು, ಕೆಲವು ಬರಲಿಲ್ಲ. ಹಣ ಕಟ್ಟುವ ಪುಟ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ‘ಕ್ಯಾಶ್ ಆನ್ ಡೆಲಿವರಿ’ ಮತ್ತು ಪುಟದ ಕೆಳಗಿನ ವಿಳಾಸ ಏನು ಮಾಡಿದರೂ ಬದಲಾಗುತ್ತಿಲ್ಲ. ಕೆಲವು ಹಳೆಯ ಪುಸ್ತಕಗಳ ವಿವರವಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ. ಕೇಳಿದರೆ ಡೆವಲಪರ್ ‘ಕ್ಯಾಶೆ ಕ್ಲಿಯರ್ ಮಾಡಿ’ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕ್ಯಾಶೆಯ (ಬೇಗ ತೋರಿಸಲು ಉಳಿಸಿಟ್ಟ ಪುಟದ ನಕಲು) ವಿಚಾರ ಕೊನೆಗಿರಲಿ. ನೀವು ಬರೆದಿರುವುದು ಒಂದು ತೊಂದರೆಯಲ್ಲ, ನಾಲ್ಕೈದು. ಇಂಗ್ಲಿಷ್ ಪದ ಹಾಗೇ ಉಳಿಯಿತು ಅನ್ನುವುದೊಂದೇ ಅವುಗಳ ನಡುವಿನ ಹೋಲಿಕೆ. ಕಾರಣಗಳು ಬೇರೆ, ಸರಿಪಡಿಸುವ ಜಾಗಗಳೂ ಬೇರೆ. ಆದ್ದರಿಂದ ಇನ್ನೊಂದು ಸಾಲನ್ನೂ ಅನುವಾದಿಸುವ ಮೊದಲು, ಪ್ರತಿ ಇಂಗ್ಲಿಷ್ ಸಾಲು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿಕೊಳ್ಳಿ. ಇದನ್ನು ಬಿಟ್ಟು ಕೈಗೆ ಸಿಕ್ಕ ಕಡೆಯೆಲ್ಲ ಕನ್ನಡ ತುಂಬುತ್ತ ಹೋದರೆ ಒಂದೇ ವಾಕ್ಯವನ್ನು ಮೂರು ಕಡೆ ಅನುವಾದಿಸಿಯೂ ಪುಟದ ಮೇಲೆ ಅದು ಕಾಣದೇ ಇರಬಹುದು.

ವರ್ಡ್‌ಪ್ರೆಸ್ ಪುಟದಲ್ಲಿ ಕಾಣುವ ಪಠ್ಯ ನಾಲ್ಕು ಕಡೆಯಿಂದ ಬರುತ್ತದೆ. ನೀವೇ ಬರೆದ ಪುಟ, ಪುಸ್ತಕದ ವಿವರ, ವರ್ಗಗಳ ಹೆಸರು ಡೇಟಾಬೇಸ್‌ನಲ್ಲಿ ಇರುತ್ತವೆ. ಇದನ್ನು ಪಾಲಿಲ್ಯಾಂಗ್ ನೋಡಿಕೊಳ್ಳುತ್ತದೆ, ನಿಮ್ಮಲ್ಲಿ ಈ ಭಾಗ ಸರಿಯಾಗಿದೆ. ಬಟನ್, ಸೂಚನೆ, ದೋಷದ ಸಂದೇಶ ಇವೆಲ್ಲ ಥೀಮ್ ಮತ್ತು ಪ್ಲಗಿನ್‌ನ ಪಿಎಚ್‌ಪಿ ಕೋಡ್‌ನೊಳಗೆ ಇಂಗ್ಲಿಷ್‌ನಲ್ಲಿ ಬರೆದಿಟ್ಟ ಸ್ಟ್ರಿಂಗ್‌ಗಳು. ಗೆಟ್‌ಟೆಕ್ಸ್ಟ್ ಎಂಬ ಹಳೆಯ, ಗಟ್ಟಿಯಾದ ವ್ಯವಸ್ಥೆ ಇವಕ್ಕೆ ಅನುವಾದದ ಫೈಲ್‌ನಿಂದ ಕನ್ನಡ ತಂದುಕೊಡುತ್ತದೆ. ಮೂರನೆಯದು ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆಯುವ ಪಠ್ಯ, ಅದಕ್ಕೆ ಜೇಸನ್ ಎಂಬ ಬೇರೆಯೇ ಅನುವಾದದ ಫೈಲ್ ಬೇಕು. ನಾಲ್ಕನೆಯದು ಸೆಟ್ಟಿಂಗ್‌ಗಳಲ್ಲಿ ಯಾರೋ ಒಮ್ಮೆ ಟೈಪ್ ಮಾಡಿ ಉಳಿಸಿದ ಪಠ್ಯ. ಇದು ಕೋಡ್‌ನಲ್ಲೂ ಇಲ್ಲ, ಪುಟದಲ್ಲೂ ಇಲ್ಲ. ಹೆಚ್ಚು ಜನ ಹುಡುಕಿ ಸೋಲುವುದು ಇದರಲ್ಲೇ.

ಯಾವ ಸಾಲು ಯಾವ ಗುಂಪಿನದು ಎಂದು ತಿಳಿಯಲು ಪ್ರೋಗ್ರಾಮರ್ ಬೇಕಿಲ್ಲ. ಲಾಗಿನ್ ಆಗದ ಖಾಸಗಿ ಕಿಟಕಿಯಲ್ಲಿ ಕನ್ನಡದ ಪುಟ ತೆರೆದು ಕಂಟ್ರೋಲ್ ಜೊತೆ ಯು ಒತ್ತಿ. ಸರ್ವರ್ ಕಳಿಸಿದ ಮೂಲ ಕೋಡ್ ಕಾಣುತ್ತದೆ. ಆ ಇಂಗ್ಲಿಷ್ ಸಾಲನ್ನು ಅದರಲ್ಲಿ ಹುಡುಕಿ. ಪುಟದ ಆ ಜಾಗದಲ್ಲೇ ಸಿಕ್ಕರೆ ಅದು ಸರ್ವರ್‌ನಲ್ಲಿ ತಯಾರಾದದ್ದು: ಗೆಟ್‌ಟೆಕ್ಸ್ಟ್ ಅಥವಾ ಸೆಟ್ಟಿಂಗ್. ಅಲ್ಲಿ ಸಿಗದೆ, ಪುಟದ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಮಾಡಿದಾಗ ಮಾತ್ರ ಸಿಕ್ಕರೆ ಅದು ಜಾವಾಸ್ಕ್ರಿಪ್ಟ್‌ನ ಕೆಲಸ. ಇನ್‌ಸ್ಪೆಕ್ಟ್‌ನಲ್ಲಿ ಆ ಸಾಲು ಐಫ್ರೇಮ್ ಎಂಬ ಪೆಟ್ಟಿಗೆಯೊಳಗೆ ಇದ್ದರೆ ಅದು ನಿಮ್ಮ ಜಾಲತಾಣದ್ದೇ ಅಲ್ಲ, ನಕ್ಷೆಯಂತೆ ಹೊರಗಿನಿಂದ ತಂದು ಅಂಟಿಸಿದ್ದು. ಭಾಷೆಯನ್ನು ಅಲ್ಲಿಯೇ ಆರಿಸಬೇಕು. ನೀವು ಪಟ್ಟಿ ಮಾಡಿದ ಸಾಲುಗಳಿಗೆಲ್ಲ ಈ ಪರೀಕ್ಷೆ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಡೆವಲಪರ್ ಜೊತೆ ಮಾತಾಡುವಾಗಲೂ ‘ಅನುವಾದ ಬರ್ತಿಲ್ಲ’ ಎನ್ನುವುದಕ್ಕಿಂತ ‘ಈ ಸಾಲು ಜಾವಾಸ್ಕ್ರಿಪ್ಟ್‌ನಿಂದ ಬರುತ್ತಿದೆ, ಅದರ ಜೇಸನ್ ಫೈಲ್ ಎಲ್ಲಿದೆ?’ ಎಂದು ಕೇಳಿದರೆ ಉತ್ತರ ಬೇರೆಯೇ ಇರುತ್ತದೆ.

ಈಗ ಬಟನ್‌ಗೆ ಬರೋಣ. ಕ್ವೆರಿ ಮಾನಿಟರ್ ಎಂಬ ಉಚಿತ ಪ್ಲಗಿನ್ ಹಾಕಿಕೊಳ್ಳಿ. ಅದರಲ್ಲಿ ‘ಲ್ಯಾಂಗ್ವೇಜಸ್’ ಎಂಬ ವಿಭಾಗ ಇದೆ. ತೆರೆದ ಪುಟಕ್ಕಾಗಿ ವರ್ಡ್‌ಪ್ರೆಸ್ ಯಾವ ಟೆಕ್ಸ್ಟ್ ಡೊಮೇನ್‌ಗೆ (ಒಂದೊಂದು ಪ್ಲಗಿನ್, ಥೀಮ್‌ನ ಅನುವಾದವನ್ನು ಗುರುತಿಸುವ ಹೆಸರು) ಯಾವ ಅನುವಾದದ ಫೈಲ್ ಹುಡುಕಿತು, ಅದು ಸಿಕ್ಕಿತೋ ಇಲ್ಲವೋ ಎಂದು ಅದು ಪೂರ್ತಿ ದಾರಿಯೊಂದಿಗೆ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಫೈಲ್ ಸಿಕ್ಕಿಲ್ಲ ಎಂದು ಅದು ಹೇಳಿದರೆ ಮೊದಲು ಹೆಸರು ನೋಡಿ. ವರ್ಡ್‌ಪ್ರೆಸ್‌ನಲ್ಲಿ ಕನ್ನಡದ ಸಂಕೇತ ಬರೀ ‘ಕೆ ಎನ್’ ಎಂಬ ಎರಡು ಅಕ್ಷರ. ಹಿಂದಿ, ತಮಿಳು, ಮಲಯಾಳಗಳಿಗೆ ಅಂಡರ್‌ಸ್ಕೋರ್ ಹಾಕಿ ‘ಐ ಎನ್’ ಸೇರಿಸುತ್ತಾರೆ. ಕನ್ನಡ ಮತ್ತು ತೆಲುಗಿಗೆ ಅದು ಇಲ್ಲ. ವಿಂಡೋಸ್, ಲಿನಕ್ಸ್‌ನಲ್ಲಿ ದೇಶದ ಹೆಸರೂ ಸೇರಿರುವುದರಿಂದ ಡೆವಲಪರ್‌ಗಳು ಅಭ್ಯಾಸಬಲದಿಂದ ಇಲ್ಲೂ ‘ಐ ಎನ್’ ಸೇರಿಸಿಬಿಡುತ್ತಾರೆ. ಫೈಲ್ ಸರ್ವರ್‌ನಲ್ಲಿ ಇದ್ದೂ ವರ್ಡ್‌ಪ್ರೆಸ್ ಅದರತ್ತ ತಿರುಗಿಯೂ ನೋಡುವುದಿಲ್ಲ. ಪಾಲಿಲ್ಯಾಂಗ್‌ನ ಭಾಷೆಗಳ ಪಟ್ಟಿಯಲ್ಲೂ ಕನ್ನಡದ ಲೊಕೇಲ್ (ಭಾಷೆಯ ಸಂಕೇತ) ಹೀಗೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹೆಸರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪ್ಲಗಿನ್‌ನ ಅನುವಾದಕ್ಕೆ ಟೆಕ್ಸ್ಟ್ ಡೊಮೇನ್ ಮೊದಲು, ಅಡ್ಡಗೆರೆ, ಆಮೇಲೆ ಭಾಷೆಯ ಸಂಕೇತ ಇರಲೇಬೇಕು. ಥೀಮ್‌ನ ಸ್ವಂತ ಲ್ಯಾಂಗ್ವೇಜಸ್ ಫೋಲ್ಡರ್‌ನಲ್ಲಿ ಮಾತ್ರ ಬರೀ ಭಾಷೆಯ ಸಂಕೇತ ಸಾಕು. ಅದೇ ಥೀಮ್ ಫೈಲನ್ನು ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಸಾರ್ವತ್ರಿಕ ಲ್ಯಾಂಗ್ವೇಜಸ್ ಫೋಲ್ಡರ್‌ಗೆ ಸಾಗಿಸಿದರೆ ಮತ್ತೆ ಥೀಮ್‌ನ ಹೆಸರು ಮುಂದೆ ಬರಬೇಕು.

ನಿಮ್ಮ ಅನುವಾದ ಅಪ್‌ಡೇಟ್ ಆದ ಮೇಲೆ ಹೋದದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಪ್ಲಗಿನ್ ಅಪ್‌ಡೇಟ್ ಎಂದರೆ ಹಳೆಯ ಫೋಲ್ಡರ್ ಅಳಿಸಿ ಹೊಸದನ್ನು ತಂದಿಡುವುದು. ಆ ಫೋಲ್ಡರ್‌ನೊಳಗೆ ನೀವು ಇಟ್ಟದ್ದೂ ಅದರೊಂದಿಗೇ ಹೋಗುತ್ತದೆ. ಸಾರ್ವತ್ರಿಕ ಲ್ಯಾಂಗ್ವೇಜಸ್ ಫೋಲ್ಡರ್‌ನೊಳಗಿನ ಪ್ಲಗಿನ್ಸ್ ಭಾಗವೂ ಪೂರ್ತಿ ಸುರಕ್ಷಿತವಲ್ಲ, ವರ್ಡ್‌ಪ್ರೆಸ್ ತಾನೇ ಕಳಿಸುವ ಭಾಷಾ ಪ್ಯಾಕ್ ಅಲ್ಲಿಗೇ ಬಂದು ನಿಮ್ಮ ಫೈಲ್ ಮೇಲೆ ಕೂರಬಹುದು. ಲೋಕೋ ಟ್ರಾನ್ಸ್‌ಲೇಟ್ ಪ್ಲಗಿನ್ ಹಾಕಿ, ಹೊಸ ಭಾಷೆ ಸೇರಿಸುವಾಗ ಅದು ತೋರಿಸುವ ಜಾಗಗಳಲ್ಲಿ ‘ಕಸ್ಟಮ್’ ಎಂಬುದನ್ನೇ ಆರಿಸಿ. ಆಗ ಫೈಲ್ ಲ್ಯಾಂಗ್ವೇಜಸ್ ಒಳಗೆ ಲೋಕೋ ಎಂಬ ಪ್ರತ್ಯೇಕ ಫೋಲ್ಡರ್‌ಗೆ ಹೋಗುತ್ತದೆ, ಯಾವ ಅಪ್‌ಡೇಟೂ ಅದನ್ನು ಮುಟ್ಟುವುದಿಲ್ಲ. ನಿಮ್ಮ ಹಳೆಯ ಪಿಒ ಫೈಲನ್ನು (ಪೋಎಡಿಟ್‌ನಲ್ಲಿ ಅನುವಾದ ಬರೆದ ಫೈಲ್) ಎಸೆಯಬೇಕಿಲ್ಲ, ಲೋಕೋದಲ್ಲೇ ತೆರೆದು ಅಲ್ಲಿಗೆ ನಕಲು ಮಾಡಿಕೊಳ್ಳಬಹುದು.

ಅದೇ ಫೈಲ್ ಮರಳಿ ಹಾಕಿದಾಗ ಕೆಲವು ಸಾಲು ಮಾತ್ರ ಬಂದದ್ದೇಕೆ? ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಪ್ರಶ್ನೆ ಇದು. ಗೆಟ್‌ಟೆಕ್ಸ್ಟ್‌ಗೆ ಅರ್ಥ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಕೋಡ್‌ನಲ್ಲಿರುವ ಇಂಗ್ಲಿಷ್ ಸಾಲೇ ಅದಕ್ಕೆ ಗುರುತು. ಹೊಸ ಆವೃತ್ತಿಯಲ್ಲಿ ಆ ಸಾಲಿಗೆ ಒಂದು ಚುಕ್ಕೆ ಸೇರಿದರೂ, ದೊಡ್ಡಕ್ಷರ ಸಣ್ಣಕ್ಷರವಾದರೂ, ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾದರೂ ಗೆಟ್‌ಟೆಕ್ಸ್ಟ್ ಪಾಲಿಗೆ ಅದು ಹೊಸ ಸಾಲು, ನಿಮ್ಮ ಅನುವಾದ ಅದಕ್ಕೆ ಸೇರುವುದಿಲ್ಲ. ಹಳೆಯ ಪಿಒ ಫೈಲ್‌ನಲ್ಲಿ ಇರುವುದು ಹಳೆಯ ಆವೃತ್ತಿಯ ಸಾಲುಗಳು. ಬದಲಾಗದ ಸಾಲುಗಳಿಗೆ ಕನ್ನಡ ಬಂತು, ಬದಲಾದವು ಇಂಗ್ಲಿಷ್‌ನಲ್ಲೇ ಉಳಿದವು.

ಇದಕ್ಕೆ ಪರಿಹಾರ ಪಿಒ ಫೈಲನ್ನು ಹೊಸ ಮೂಲದೊಂದಿಗೆ ಹೊಂದಿಸುವುದು. ಲೋಕೋದಲ್ಲಿ ‘ಸಿಂಕ್’ ಬಟನ್ ಇದೆ. ಪೋಎಡಿಟ್‌ನಲ್ಲಾದರೆ ವೂಕಾಮರ್ಸ್ ಜೊತೆ ಬರುವ, ಮೂಲ ಇಂಗ್ಲಿಷ್ ಸಾಲುಗಳಿರುವ ಪಿಒಟಿ ಫೈಲ್‌ನಿಂದ ಅಪ್‌ಡೇಟ್ ಮಾಡಬೇಕು. ಆಗ ಈ ಎರಡು ಸಾಧನಗಳೂ ಹೆಚ್ಚುಕಡಿಮೆ ಹೋಲುವ ಸಾಲುಗಳಿಗೆ ಹಳೆಯ ಅನುವಾದವನ್ನೇ ಅಂಟಿಸಿ, ಇದನ್ನು ಮನುಷ್ಯರು ನೋಡಬೇಕು ಎಂದು ಗುರುತು ಹಾಕುತ್ತವೆ. ಈ ಗುರುತಿನ ಹೆಸರು ‘ಫಜಿ’. ಪೋಎಡಿಟ್‌ನಲ್ಲಿ ಅಂಥ ಸಾಲುಗಳಿಗೆ ಬೇರೆ ಬಣ್ಣ ಬರುತ್ತದೆ. ಕಣ್ಣಿಗೆ ಕನ್ನಡ ಕಾಣುತ್ತಿರುವುದರಿಂದ ಅನುವಾದ ಇದೆ ಎಂದೇ ನೀವು ಭಾವಿಸುತ್ತೀರಿ. ಆದರೆ ಪೋಎಡಿಟ್ ಫಜಿ ಸಾಲುಗಳನ್ನು ಎಂಒ ಫೈಲ್‌ಗೆ ಸೇರಿಸುವುದಿಲ್ಲ. ವರ್ಡ್‌ಪ್ರೆಸ್ ಓದುವುದು ಪಿಒ ಅಲ್ಲ, ಅದರಿಂದ ತಯಾರಾದ ಎಂಒ. ‘ನಾನು ಅನುವಾದ ಮಾಡಿದ್ದೇನೆ, ಪುಟದಲ್ಲಿ ಮಾತ್ರ ಇಲ್ಲ’ ಎಂದು ಹೇಳುವವರ ಫೈಲ್ ತೆರೆದರೆ ಫಜಿ ಸಾಲುಗಳ ಗುಡ್ಡೆಯೇ ಇರುತ್ತದೆ. ಒಂದೊಂದನ್ನೂ ಓದಿ, ಸರಿಯಿದ್ದರೆ ಗುರುತು ತೆಗೆದು, ಉಳಿಸಿ.

ಅದೇ ಫೈಲ್‌ನಲ್ಲಿ ಒಂದೇ ಇಂಗ್ಲಿಷ್ ಪದ ಎರಡು ಮೂರು ಸಲ ಕಂಡರೆ ಅಚ್ಚರಿ ಬೇಡ. ನಾಮಪದವಾಗಿ ಬಂದ ‘ಆರ್ಡರ್’ ಬೇರೆ, ಕ್ರಿಯಾಪದವಾಗಿ ಬಂದದ್ದು ಬೇರೆ ಎಂದು ಕೋಡ್ ಬರೆಯುವವರು ಸಂದರ್ಭದ ಟಿಪ್ಪಣಿ ಸೇರಿಸಿರುತ್ತಾರೆ. ಒಂದಕ್ಕೆ ಮಾತ್ರ ಕನ್ನಡ ಕೊಟ್ಟು ಬಿಟ್ಟರೆ ಇನ್ನೊಂದು ಜಾಗದಲ್ಲಿ ಇಂಗ್ಲಿಷ್ ಉಳಿಯುತ್ತದೆ. ಏಕವಚನ, ಬಹುವಚನ ಎರಡು ಖಾನೆ ಇರುವ ಸಾಲುಗಳಲ್ಲಿ ಎರಡನ್ನೂ ತುಂಬಿ. ಸಾಲಿನೊಳಗೆ ಶೇಕಡಾ ಚಿಹ್ನೆಯೊಂದಿಗೆ ಬರುವ ಗುರುತುಗಳನ್ನು ಕನ್ನಡ ವಾಕ್ಯದ ಅಗತ್ಯಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಬಹುದು, ಆದರೆ ಅಳಿಸಬಾರದು, ಮೂಲದಲ್ಲಿ ಇಲ್ಲದ್ದನ್ನು ಸೇರಿಸಲೂಬಾರದು. ಪಿಎಚ್‌ಪಿ 8ರ ನಂತರ ಹೆಚ್ಚುವರಿ ಗುರುತೊಂದು ಇಡೀ ಪುಟವನ್ನೇ ನಿಲ್ಲಿಸಬಲ್ಲದು.

ಸಿಂಕ್ ಮಾಡಿ, ಫಜಿ ತೆಗೆದು, ಫೈಲ್ ಸಿಕ್ಕಿದೆ ಎಂದು ಕ್ವೆರಿ ಮಾನಿಟರ್ ಹೇಳಿದ ಮೇಲೂ ಬಟನ್ ಇಂಗ್ಲಿಷ್‌ನಲ್ಲೇ ಇದ್ದರೆ ಥೀಮ್ ಮೇಲೆ ಕಣ್ಣು ಹಾಕಿ. ಬಹಳಷ್ಟು ಥೀಮ್‌ಗಳು ವೂಕಾಮರ್ಸ್‌ನ ಟೆಂಪ್ಲೇಟ್‌ಗಳನ್ನು ತಮ್ಮ ಫೋಲ್ಡರ್‌ಗೆ ನಕಲು ಮಾಡಿಕೊಂಡು ಬದಲಿಸಿರುತ್ತವೆ. ವೂಕಾಮರ್ಸ್ ಮುಂದೆ ಹೋಗಿರುತ್ತದೆ, ನಕಲು ಹಳೆಯದೇ ಆಗಿರುತ್ತದೆ. ನಕಲಿನೊಳಗೆ ಹಳೆಯ ಇಂಗ್ಲಿಷ್ ಸಾಲು ಇರುವುದರಿಂದ ಹೊಸ ಪಿಒ ಅದಕ್ಕೆ ಹೊಂದುವುದಿಲ್ಲ. ವೂಕಾಮರ್ಸ್‌ನ ‘ಸ್ಟೇಟಸ್’ ಪುಟದ ಕೆಳಭಾಗದಲ್ಲಿ ಇಂಥ ನಕಲುಗಳ ಪಟ್ಟಿಯೂ ಯಾವುದು ಹಳತಾಗಿದೆ ಎಂಬ ಎಚ್ಚರಿಕೆಯೂ ಇರುತ್ತದೆ. ಇನ್ನು ಕೆಲವು ಥೀಮ್‌ಗಳಲ್ಲಿ ಬಟನ್‌ನ ಪದವನ್ನು ಅನುವಾದದ ಫಂಕ್ಷನ್ ಇಲ್ಲದೆ ನೇರವಾಗಿ ಇಂಗ್ಲಿಷ್‌ನಲ್ಲಿ ಬರೆದಿರುತ್ತಾರೆ, ಅಥವಾ ವೂಕಾಮರ್ಸ್‌ನ ಡೊಮೇನ್ ಬದಲು ಥೀಮ್‌ನ ಡೊಮೇನ್ ಕೊಟ್ಟಿರುತ್ತಾರೆ. ಎರಡನೆಯದಾದರೆ ಥೀಮ್‌ನ ಪಿಒ ಫೈಲ್‌ನಲ್ಲಿ ಅನುವಾದಿಸಿದರೆ ಸಾಕು. ಮೊದಲನೆಯದಾದರೆ ಯಾವ ಪಿಒ ಫೈಲೂ ನೆರವಿಗೆ ಬಾರದು, ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್ ಮುಟ್ಟದೆ ಅದರ ಮೇಲೆ ಕೂರುವ ಉಪಥೀಮ್) ಕೋಡ್ ತಿದ್ದಿಸಬೇಕು. ಹೀಗೆ ಕೋಡ್‌ನೊಳಗೆ ಇಂಗ್ಲಿಷ್ ಅಂಟಿಸಿ ‘ಬಹುಭಾಷಾ ಥೀಮ್’ ಎಂದು ಮಾರುವುದು ಅನ್ಯಾಯ. ಹಣ ಕೊಟ್ಟು ಕೊಂಡ ಥೀಮ್ ಆದರೆ ಮಾರಿದವರಿಗೆ ಬರೆದು ಕೇಳಿ, ಅದು ನಿಮ್ಮ ಹಕ್ಕು.

2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಇನ್ನೊಂದು ವಿಚಾರ ಸೇರಿಕೊಂಡಿದೆ, ಇದು ತುಂಬ ಡೆವಲಪರ್‌ಗಳಿಗೂ ತಿಳಿದಿಲ್ಲ. ವೇಗಕ್ಕಾಗಿ ಭಾಷಾ ಪ್ಯಾಕ್‌ಗಳಲ್ಲಿ ಎಂಒ ಜೊತೆಗೆ ಅದೇ ಹೆಸರಿನ, ‘ಎಲ್10ಎನ್ ಪಿಎಚ್‌ಪಿ’ ಎಂದು ಕೊನೆಗೊಳ್ಳುವ ಫೈಲೂ ಬರುತ್ತದೆ. ಅದು ಇದ್ದರೆ ವರ್ಡ್‌ಪ್ರೆಸ್ ಎಂಒ ಬಿಟ್ಟು ಅದನ್ನೇ ಓದುತ್ತದೆ. ನೀವು ಹೊಸ ಎಂಒ ಅಪ್‌ಲೋಡ್ ಮಾಡಿ, ಪಕ್ಕದ ಹಳೆಯ ಪಿಎಚ್‌ಪಿ ಫೈಲ್ ಅಲ್ಲೇ ಬಿಟ್ಟರೆ ನಿಮ್ಮ ತಿದ್ದುಪಡಿ ಎಂದೂ ಕಾಣುವುದಿಲ್ಲ. ಫೋಲ್ಡರ್ ತೆರೆದು ಒಮ್ಮೆ ನೋಡಿ.

6.7ನೇ ಆವೃತ್ತಿಯಿಂದ ಡೀಬಗ್ ಲಾಗ್‌ನಲ್ಲಿ, ಇಂಥ ಡೊಮೇನ್‌ನ ಅನುವಾದ ತೀರಾ ಬೇಗ ಲೋಡ್ ಆಯಿತು ಎಂಬ ಸೂಚನೆ ಬರತೊಡಗಿದೆ. ಅದನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕಬೇಡಿ. ಬಹುಭಾಷಾ ತಾಣದಲ್ಲಿ ಅದಕ್ಕೆ ತೂಕ ಇದೆ: ಯಾವ ಭಾಷೆ ಎಂದು ತೀರ್ಮಾನವಾಗುವ ಮೊದಲೇ ಆ ಪ್ಲಗಿನ್ ತನ್ನ ಸಾಲುಗಳನ್ನು ಕೇಳಿ ಇಟ್ಟುಕೊಂಡಿದೆ, ಹಾಗಾಗಿ ಕನ್ನಡ ಪುಟದಲ್ಲೂ ಇಂಗ್ಲಿಷ್ ತೋರಿಸಬಹುದು. ಇದನ್ನು ಪ್ಲಗಿನ್ ಬರೆದವರೇ ಸರಿಪಡಿಸಬೇಕು. ಆ ಪ್ಲಗಿನ್‌ನ ಹೊಸ ಆವೃತ್ತಿ ಬಂದಿದೆಯೇ ನೋಡಿ.

ಹಣ ಕಟ್ಟುವ ಪುಟಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಜಾಲತಾಣದಲ್ಲಿ ಯಾವ ಪುಟ ಮೊದಲು ಪೂರ್ತಿ ಕನ್ನಡದಲ್ಲಿರಬೇಕು ಎಂದು ಕೇಳಿದರೆ ಮುಖಪುಟವಲ್ಲ, ಇದೇ ಪುಟ ಎನ್ನುವೆ. ಓದುಗರು ತಮ್ಮ ವಿಳಾಸ, ಫೋನ್ ನಂಬರ್, ಹಣ ಕೊಡುವುದು ಇಲ್ಲಿ. ಅರ್ಥವಾಗದ ಒಂದು ಸಾಲು ಕಂಡರೆ ಹಿರಿಯರೊಬ್ಬರು ಅಲ್ಲಿಂದಲೇ ಹಿಂದಿರುಗಿಬಿಡುತ್ತಾರೆ.

2023ರ ನವೆಂಬರ್‌ನಲ್ಲಿ ಬಂದ ವೂಕಾಮರ್ಸ್ 8.3ರಿಂದ ಹೊಸ ಅಂಗಡಿಗಳಿಗೆ ಬ್ಲಾಕ್‌ಗಳಿಂದ ಕಟ್ಟಿದ ಕಾರ್ಟ್ ಮತ್ತು ಚೆಕ್‌ಔಟ್ (ಹಣ ಕಟ್ಟುವ) ಪುಟಗಳು ತಾವಾಗಿಯೇ ಬರುತ್ತವೆ. ನಿಮ್ಮದು ಆ ನಂತರ ಶುರುವಾದ ತಾಣ ಆಗಿದ್ದರೆ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗಲು ಮುಖ್ಯ ಕಾರಣ ಇದೇ ಇರಬೇಕು. ಆ ಪುಟದ ಬಹುಪಾಲನ್ನು ಜಾವಾಸ್ಕ್ರಿಪ್ಟ್ ಬರೆಯುತ್ತದೆ. ಎಂಒ ಫೈಲ್ ಅದಕ್ಕೆ ತಲುಪುವುದಿಲ್ಲ. ವರ್ಡ್‌ಪ್ರೆಸ್ 5.0ರಿಂದ ಇರುವ ಏರ್ಪಾಡಿನಲ್ಲಿ ಪ್ರತಿ ಸ್ಕ್ರಿಪ್ಟ್‌ಗೆ ಒಂದು ಜೇಸನ್ ಫೈಲ್ ಬೇಕು, ಅದರ ಹೆಸರಲ್ಲಿ ಡೊಮೇನ್, ಭಾಷೆ, ಕೊನೆಗೆ ಆ ಸ್ಕ್ರಿಪ್ಟ್ ಇರುವ ದಾರಿಯಿಂದ ಲೆಕ್ಕ ಹಾಕಿದ 32 ಅಕ್ಷರಗಳ ಎಂಡಿ5 ಸಂಕೇತ ಇರುತ್ತದೆ. ಪ್ಲಗಿನ್‌ನಲ್ಲಿ ಸ್ಕ್ರಿಪ್ಟ್ ಫೈಲ್ ಬೇರೆ ಫೋಲ್ಡರ್‌ಗೆ ಹೋದರೆ ಸಂಕೇತವೂ ಬದಲಾಗುತ್ತದೆ, ಹಳೆಯ ಜೇಸನ್ ಬಿದ್ದಲ್ಲೇ ಬಿದ್ದಿರುತ್ತದೆ. ಡಬ್ಲ್ಯೂಪಿ-ಸಿಎಲ್‌ಐ (ಆದೇಶ ಟೈಪ್ ಮಾಡಿ ವರ್ಡ್‌ಪ್ರೆಸ್ ನಡೆಸುವ ಸಾಧನ) ಬಳಸುವವರು ‘ಮೇಕ್-ಜೇಸನ್’ ಆದೇಶದಿಂದ ಪಿಒ ಫೈಲ್‌ನಿಂದ ಇವನ್ನು ತಯಾರಿಸಬಹುದು. ಆದರೆ ‘ನೋ-ಪರ್ಜ್’ ಆಯ್ಕೆ ಸೇರಿಸಲು ಡೆವಲಪರ್‌ಗೆ ಹೇಳಿ. ಇಲ್ಲದಿದ್ದರೆ ಜೇಸನ್‌ಗೆ ಹೋದ ಸಾಲುಗಳನ್ನು ಅದು ಪಿಒ ಫೈಲ್‌ನಿಂದ ತೆಗೆದುಹಾಕುತ್ತದೆ, ನಿಮ್ಮ ಶ್ರಮದ ಮೂಲಪ್ರತಿಯೇ ಬರಿದಾಗುತ್ತದೆ.

ಬ್ಲಾಕ್ ಚೆಕ್‌ಔಟ್ ಒಂದೇ ಸ್ಕ್ರಿಪ್ಟ್ ಅಲ್ಲ, ಅನೇಕ ತುಂಡುಗಳು. ಅವಕ್ಕೆಲ್ಲ ಕೈಯಿಂದ ಜೇಸನ್ ಹೊಂದಿಸಿ, ಪ್ರತಿ ಅಪ್‌ಡೇಟ್‌ಗೂ ಅದನ್ನೇ ಮತ್ತೆ ಮಾಡುವುದು ಸಣ್ಣ ಪ್ರಕಾಶನಕ್ಕೆ ಆಗುವ ಕೆಲಸವಲ್ಲ. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಹಳೆಯ ಮಾದರಿಯ ಚೆಕ್‌ಔಟ್‌ಗೆ ಹೋಗಿ. ಪುಟವನ್ನು ತಿದ್ದಲು ತೆರೆದು ಚೆಕ್‌ಔಟ್ ಬ್ಲಾಕ್ ತೆಗೆದು, ಅದರ ಬದಲು ವೂಕಾಮರ್ಸ್‌ನ ಕ್ಲಾಸಿಕ್ ಶಾರ್ಟ್‌ಕೋಡ್ ಹಾಕಿ. ಕಾರ್ಟ್ ಪುಟಕ್ಕೂ ಹಾಗೇ ಮಾಡಿ. ಕನ್ನಡ, ಇಂಗ್ಲಿಷ್ ಎರಡೂ ಭಾಷೆಯ ಪುಟಗಳಲ್ಲಿ ಮಾಡಬೇಕು, ಒಂದನ್ನು ಬಿಟ್ಟರೆ ಗೊಂದಲ. ಕ್ಲಾಸಿಕ್ ಪುಟವನ್ನು ಪಿಎಚ್‌ಪಿ ಬರೆಯುತ್ತದೆ, ನಿಮ್ಮ ಎಂಒ ಫೈಲ್ ನೇರವಾಗಿ ಕೆಲಸಕ್ಕೆ ಬರುತ್ತದೆ. ನೋಟ ಸ್ವಲ್ಪ ಹಳೆಯದು ಅನ್ನಿಸಬಹುದು, ಪೂರ್ತಿ ಕನ್ನಡದಲ್ಲಿರುವ ಪುಟಕ್ಕಾಗಿ ಅಷ್ಟನ್ನು ಒಪ್ಪಿಕೊಳ್ಳಬಹುದು.

ಆಮೇಲೂ ಅಲ್ಲಲ್ಲಿ ಇಂಗ್ಲಿಷ್ ಇಣುಕಬಹುದು. ಪೋಸ್ಟ್‌ಕೋಡ್ ಎಂಬ ಸಾಮಾನ್ಯ ಹೆಸರಿಗೆ ನೀವು ಕನ್ನಡ ಕೊಟ್ಟಿದ್ದರೂ ಪುಟದಲ್ಲಿ ‘ಪಿನ್ ಕೋಡ್’ ಎಂದು ಇಂಗ್ಲಿಷ್‌ನಲ್ಲಿ ಕಾಣಬಹುದು. ಗ್ರಾಹಕರ ದೇಶ ಭಾರತ ಎಂದಾದಾಗ ವೂಕಾಮರ್ಸ್ ಆ ಖಾನೆಗೆ ಬೇರೆ ಹೆಸರು ಬಳಸುತ್ತದೆ, ಪಿಒ ಫೈಲ್‌ನಲ್ಲಿ ಅದು ಪ್ರತ್ಯೇಕ ಸಾಲು. ಹಾಗೆಯೇ ರಾಜ್ಯಗಳ ಪಟ್ಟಿ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಎಲ್ಲವೂ ಅನುವಾದಕ್ಕೆ ಸಿಗುವ ಸಾಲುಗಳೇ. ದೇಶಗಳ ಉದ್ದನೆಯ ಪಟ್ಟಿಯನ್ನು ಅನುವಾದಿಸುತ್ತ ಕೂರಬೇಡಿ. ನೀವು ಪುಸ್ತಕ ಕಳಿಸುವ ದೇಶಗಳನ್ನಷ್ಟೇ ಸೆಟ್ಟಿಂಗ್‌ನಲ್ಲಿ ಆರಿಸಿದರೆ ಉಳಿದವು ಕಾಣುವುದೇ ಇಲ್ಲ.

‘ಕ್ಯಾಶ್ ಆನ್ ಡೆಲಿವರಿ’ ಬೇರೆಯೇ ಗುಂಪಿನದು. ಪಾವತಿಯ ಸೆಟ್ಟಿಂಗ್ ತೆರೆದು ಯಾರಾದರೂ ಒಮ್ಮೆ ‘ಸೇವ್’ ಒತ್ತಿದ ಕ್ಷಣದಲ್ಲಿ ಆ ಶೀರ್ಷಿಕೆ, ಅದರ ಕೆಳಗಿನ ವಿವರಣೆ ಎರಡೂ ಆಗಿನ ಭಾಷೆಯಲ್ಲಿ ಡೇಟಾಬೇಸ್‌ಗೆ ಸೇರಿಹೋಗುತ್ತವೆ. ಅಲ್ಲಿಂದ ಮುಂದೆ ಅವು ಕೋಡ್‌ನ ಸಾಲುಗಳಲ್ಲ, ಗೆಟ್‌ಟೆಕ್ಸ್ಟ್ ಅವನ್ನು ಮುಟ್ಟುವುದಿಲ್ಲ. ಪಿಒ ಫೈಲ್‌ನಲ್ಲಿ ಆ ಸಾಲಿಗೆ ಎಷ್ಟು ಸಲ ಕನ್ನಡ ಬರೆದರೂ ಫಲವಿಲ್ಲ ಎನ್ನುವುದು ಇದಕ್ಕೇ. ಪಾಲಿಲ್ಯಾಂಗ್‌ನ ‘ಲ್ಯಾಂಗ್ವೇಜಸ್’ ಮೆನುವಿನಲ್ಲಿ ‘ಟ್ರಾನ್ಸ್‌ಲೇಶನ್ಸ್’ ಎಂಬ ಪುಟ ಇದೆ. ನೀವು ಕೊಂಡಿರುವ ಆಡ್‌ಆನ್ ಈ ಸಾಲುಗಳನ್ನು ಅಲ್ಲಿಗೆ ತಂದಿರುತ್ತದೆ, ಅಲ್ಲಿ ಕನ್ನಡ ತುಂಬಿ. ಇಮೇಲ್‌ಗಳ ವಿಷಯ ಮತ್ತು ತಲೆಬರಹ, ಕಳಿಸುವ ವಿಧಾನದ ಹೆಸರು, ತಾಣದ ಅಡಿಬರಹ ಕೂಡ ಹುಡುಕಬೇಕಾದದ್ದು ಅದೇ ಪುಟದಲ್ಲಿ. ಹಿಂದೆಯೇ ಆಗಿಹೋದ ಆರ್ಡರ್‌ಗಳಲ್ಲಿ ಪಾವತಿಯ ಹೆಸರು ಇಂಗ್ಲಿಷ್‌ನಲ್ಲೇ ಉಳಿಯುತ್ತದೆ. ಆರ್ಡರ್ ಆದಾಗಲೇ ಅದು ದಾಖಲಾಗಿರುವುದರಿಂದ ಅದನ್ನು ತೊಂದರೆ ಎಂದುಕೊಳ್ಳಬೇಡಿ.

ಪುಟದ ಕೆಳಗಿನ ವಿಳಾಸ ವಿಜೆಟ್‌ನಲ್ಲಿದ್ದರೆ ಸುಲಭ: ಎರಡು ವಿಜೆಟ್ ಮಾಡಿ, ಒಂದೊಂದು ಯಾವ ಭಾಷೆಯಲ್ಲಿ ಕಾಣಬೇಕು ಎಂದು ಅದರ ಕೆಳಗೆ ಆರಿಸಿ. ಥೀಮ್‌ನ ಕಸ್ಟಮೈಸ್ ಪುಟದಲ್ಲಿ ಟೈಪ್ ಮಾಡಿದ್ದಾದರೆ ಅದು ಟ್ರಾನ್ಸ್‌ಲೇಶನ್ಸ್ ಪುಟದಲ್ಲಿ ತಾನಾಗಿ ಬರುವುದಿಲ್ಲ. ಆ ಆಯ್ಕೆಯ ಹೆಸರನ್ನು ‘ಡಬ್ಲ್ಯೂಪಿಎಂಎಲ್-ಕಾನ್ಫಿಗ್’ ಎಂಬ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದು, ಡಬ್ಲ್ಯೂಪಿ-ಕಂಟೆಂಟ್ ಒಳಗೆ ಪಾಲಿಲ್ಯಾಂಗ್ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟರೆ ಬರುತ್ತದೆ. ಫೈಲ್‌ನ ಹೆಸರು ಬೇರೆ ಪ್ಲಗಿನ್‌ದಾದರೂ ಪಾಲಿಲ್ಯಾಂಗ್ ಅದನ್ನು ಓದುತ್ತದೆ. ನಿಮ್ಮ ಡೆವಲಪರ್‌ಗೆ ಇದು ಸಣ್ಣ ಕೆಲಸ.

ಹಳೆಯ ಪುಸ್ತಕಗಳ ವಿವರ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುವುದಕ್ಕೂ ಅನುವಾದಕ್ಕೂ ಸಂಬಂಧ ಇಲ್ಲ. ಆ ಪಠ್ಯ ಬಂದದ್ದು ಮುದ್ರಣಕ್ಕೆ ತಯಾರಿಸಿದ ಡಿಟಿಪಿ ಫೈಲ್‌ನಿಂದ ಅಲ್ಲವೇ? ನುಡಿ, ಬರಹ, ಶ್ರೀಲಿಪಿಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಆದ ಕನ್ನಡ ಕಂಪ್ಯೂಟರ್ ಪಾಲಿಗೆ ಇಂಗ್ಲಿಷ್ ಮತ್ತು ಇತರ ಯುರೋಪಿನ ಅಕ್ಷರಗಳೇ. ಆ ಫಾಂಟ್ ಹಾಕಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಜಾಲತಾಣದಲ್ಲಿ ಆ ಫಾಂಟ್ ತಂದು ಹಾಕಿ ತೇಪೆ ಹಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣಿಗೆ ಕನ್ನಡ ಕಂಡರೂ ಯಾರೂ ಅದನ್ನು ಹುಡುಕಿ ತೆಗೆಯಲಾಗದು, ದೃಷ್ಟಿದೋಷ ಇರುವವರ ಸ್ಕ್ರೀನ್ ರೀಡರ್‌ಗೂ ಓದಲು ಬಾರದು. ಇಂಥ ಹಳೆಯ ಫಾಂಟ್‌ನ ಪಠ್ಯವನ್ನು (ಇದನ್ನೇ ಆಸ್ಕಿ ಎನ್ನುತ್ತಾರೆ) ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಉಪಕರಣಗಳು ಕನ್ನಡಕ್ಕೆ ಚೆನ್ನಾಗಿಯೇ ಇವೆ. ಪರಿವರ್ತಿಸಿ, ಒಂದು ಸಲ ಕರಡು ತಿದ್ದಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಸೇರುವ ಕಡೆ ಮುಖ್ಯವಾಗಿ ಕಣ್ಣಿಡಿ. ಅಕ್ಷರಗಳ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಅದು ಬೇರೆ ಸಮಸ್ಯೆ. ಡೇಟಾಬೇಸ್‌ನ ಟೇಬಲ್ ಯೂನಿಕೋಡ್ ಸ್ವೀಕರಿಸದ ಸ್ಥಿತಿಯಲ್ಲಿದ್ದು ಮೂಲ ಅಕ್ಷರಗಳು ಹೋಗಿಬಿಟ್ಟಿವೆ ಎಂದರ್ಥ, ಟೇಬಲ್ ಸರಿಮಾಡಿದ ಮೇಲೆ ಪಠ್ಯವನ್ನು ಮತ್ತೆ ಹಾಕಬೇಕು.

ಈಗ ಕ್ಯಾಶೆ. ಮೇಲಿನದೆಲ್ಲ ಆದ ಮೇಲೆ ಒಂದು ಸಲ ಪುಟದ ಕ್ಯಾಶೆ, ಬೇರೆ ಸರ್ವರ್‌ಗಳಿಂದ ಪುಟ ತಲುಪಿಸುವ ಸಿಡಿಎನ್ ಸೇವೆ ಇದ್ದರೆ ಅದರ ಕ್ಯಾಶೆ, ಬ್ರೌಸರ್‌ನ ಕ್ಯಾಶೆ ಖಾಲಿ ಮಾಡಿ. ಅನುವಾದ ಈಗ ಪಿಎಚ್‌ಪಿ ಫೈಲ್‌ನಲ್ಲೂ ಇರಬಹುದಾದ್ದರಿಂದ ಪಿಎಚ್‌ಪಿ ಕೋಡ್ ಉಳಿಸಿಟ್ಟುಕೊಳ್ಳುವ ಸರ್ವರ್‌ನ ಓಪಿಕ್ಯಾಶೆಯನ್ನೂ ಸೇರಿಸಿಕೊಳ್ಳಿ. ಪ್ರತಿ ಸಲ ಕ್ಯಾಶೆ ಖಾಲಿ ಮಾಡಿದಾಗ ಸರಿಯಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಭಾಷೆ ಬೆರಕೆಯಾಗುತ್ತಿದ್ದರೆ ಎರಡೂ ಭಾಷೆ ಒಂದೇ ವಿಳಾಸದಲ್ಲಿ ಬರುತ್ತಿವೆಯೇ ನೋಡಿ. ಪಾಲಿಲ್ಯಾಂಗ್‌ನ ಸೆಟ್ಟಿಂಗ್‌ನಲ್ಲಿ ಭಾಷೆಯ ಸಂಕೇತ ವಿಳಾಸದೊಳಗೇ ಬರುವಂತೆ ಇಡಿ. ಕ್ಯಾಶೆ ಪುಟಗಳನ್ನು ಗುರುತಿಸುವುದು ಮುಖ್ಯವಾಗಿ ವಿಳಾಸದಿಂದ.

ಒಂದು ಪ್ಲಗಿನ್ ಸಾಲದು ಎಂದು ಇನ್ನೊಂದು ಬಹುಭಾಷಾ ಪ್ಲಗಿನ್ ಮೇಲೆ ಹಾಕಬೇಡಿ. ಎರಡೂ ಪುಟದ ಭಾಷೆಯನ್ನು ತಾವೇ ನಿರ್ಧರಿಸಲು ಹೊರಟರೆ ಈಗಿರುವುದಕ್ಕಿಂತ ಹೆಚ್ಚು ಕೆಡುತ್ತದೆ. ಉಳಿದ ಇಂಗ್ಲಿಷ್ ಮುಚ್ಚಲು ಬ್ರೌಸರ್‌ನಲ್ಲೇ ತಾನಾಗಿ ಅನುವಾದಿಸುವ ವಿಜೆಟ್ ಹಾಕುವ ಯೋಚನೆಯನ್ನೂ ಬಿಡಿ. ನೀವು ಎಚ್ಚರದಿಂದ ಬರೆದ ಪುಸ್ತಕದ ವಿವರವನ್ನೂ ಅದು ಬಿಡುವುದಿಲ್ಲ. ಕನ್ನಡ ಪುಸ್ತಕ ಪ್ರಕಟಿಸುವವರ ಪುಟದಲ್ಲಿ ಯಂತ್ರ ತಿದ್ದಿದ ಕನ್ನಡ ಇರಬಾರದು.

ನೀವು ವೂಕಾಮರ್ಸ್‌ಗೆ ಮಾಡಿದ ಅನುವಾದ ನಿಮ್ಮ ತಾಣದಲ್ಲಷ್ಟೇ ಉಳಿಯಬೇಕಿಲ್ಲ. ವರ್ಡ್‌ಪ್ರೆಸ್‌ನ ಅನುವಾದ ತಾಣದಲ್ಲಿ ಖಾತೆ ತೆರೆದು ಅದೇ ಸಾಲುಗಳನ್ನು ಕನ್ನಡ ತಂಡಕ್ಕೆ ಕಳಿಸಬಹುದು. ಸಂಪಾದಕರು ಒಪ್ಪಿದ ಮೇಲೆ ಅವು ಲೆಕ್ಕಕ್ಕೆ ಬರುತ್ತವೆ, ಅಲ್ಲಿಯವರೆಗೆ ಕಾಯುವ ಪಟ್ಟಿಯಲ್ಲಿರುತ್ತವೆ. ಒಂದು ಪ್ಲಗಿನ್‌ನ ಸಾಲುಗಳಲ್ಲಿ ಶೇ 90 ಕನ್ನಡಕ್ಕೆ ಬಂದಾಗ ಮೊದಲ ಭಾಷಾ ಪ್ಯಾಕ್ ತಯಾರಾಗುತ್ತದೆ. ಆಮೇಲೆ ಆ ಪ್ಲಗಿನ್ ಬಳಸುವ ಎಲ್ಲ ಕನ್ನಡ ತಾಣಗಳಿಗೂ ಅದು ತಾನಾಗಿ ಹೋಗುತ್ತದೆ, ಜೇಸನ್ ಫೈಲ್‌ಗಳೂ ಅದರೊಂದಿಗೇ ಬರುತ್ತವೆ. ನಿಮ್ಮ ಅಂಗಡಿಗೆ ಮಾತ್ರ ಬೇಕಾದ ಪದಗಳನ್ನು ಲೋಕೋದಲ್ಲಿ ಇಟ್ಟುಕೊಳ್ಳಿ, ಉಳಿದದ್ದನ್ನು ಅಲ್ಲಿಗೆ ಕಳಿಸಿ.

ಈ ಕೆಲಸವನ್ನೆಲ್ಲ ಮೊದಲು ತಾಣದ ಪರೀಕ್ಷಾ ನಕಲಿನಲ್ಲಿ ಮಾಡಿ, ಬ್ಯಾಕಪ್ ತೆಗೆದುಕೊಂಡ ಮೇಲೆ ನಿಜವಾದ ತಾಣಕ್ಕೆ ತನ್ನಿ. ನಂತರ ಲಾಗಿನ್ ಆಗದೆ, ಮೊಬೈಲ್‌ನಲ್ಲಿ, ಕನ್ನಡದ ಪುಟದಿಂದ ಒಂದು ಪುಸ್ತಕ ಆರ್ಡರ್ ಮಾಡಿ. ಬೇಕೆಂದೇ ಪಿನ್ ಕೋಡ್ ಖಾಲಿ ಬಿಟ್ಟು ದೋಷದ ಸಂದೇಶ ಯಾವ ಭಾಷೆಯಲ್ಲಿ ಬರುತ್ತದೆ ನೋಡಿ. ಆರ್ಡರ್ ಮುಗಿಸಿ ಧನ್ಯವಾದದ ಪುಟವನ್ನೂ ನಿಮಗೆ ಬರುವ ಇಮೇಲನ್ನೂ ಕೊನೆಯ ಸಾಲಿನವರೆಗೆ ಓದಿ. ಅಲ್ಲಿ ಕಂಡ ಇಂಗ್ಲಿಷ್ ಸಾಲುಗಳನ್ನು ಅದೇ ಹಾಳೆಗೆ ಸೇರಿಸಿಕೊಳ್ಳಿ. ವೂಕಾಮರ್ಸ್ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಲೋಕೋದಲ್ಲಿ ಸಿಂಕ್ ಒತ್ತಿ, ಹೊಸ ಸಾಲುಗಳನ್ನು ತುಂಬಿ, ಇದೇ ರೀತಿ ಒಂದು ಆರ್ಡರ್ ಮಾಡಿ ನೋಡಿ.